ಹೊಟ್ಟೆಹುಣ್ಣಿಗೆ ಗಿಡಮೂಲಿಕೆಯ ಸಾರ: ಇಲಿಯ ಪ್ರಯೋಗದಿಂದ ರೋಗಿಯವರೆಗೆ

ಜಠರದ ಒಳಪೊರೆಯೋ ಅದಕ್ಕೆ ಹೊಂದಿಕೊಂಡ ಸಣ್ಣ ಕರುಳಿನ ಮೊದಲ ಭಾಗದ ಒಳಪೊರೆಯೋ ಆಮ್ಲ ಮತ್ತು ಪೆಪ್ಸಿನ್‌ಗಳ ಹೊಡೆತಕ್ಕೆ ಸವೆದು, ಆ ಸವೆತ ಪೊರೆಯ ತಳದ ತೆಳು ಸ್ನಾಯುಪದರವನ್ನೂ ದಾಟಿ ಕುಳಿ ಬಿದ್ದರೆ ಅದು ಹೊಟ್ಟೆಹುಣ್ಣು. ಜಠರದಲ್ಲಿದ್ದರೆ ಗ್ಯಾಸ್ಟ್ರಿಕ್ ಅಲ್ಸರ್, ಕರುಳಿನ ಮೊದಲ ಭಾಗದಲ್ಲಿದ್ದರೆ ಡ್ಯುವೊಡಿನಲ್ ಅಲ್ಸರ್. ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ ಹುಳಿತೇಗು, ಎದೆಯುರಿ, ಹೊಟ್ಟೆಯುಬ್ಬರ, ಉಂಡ ಮೇಲಿನ ಸಂಕಟ ಎಲ್ಲವನ್ನೂ ಜನ ‘ಗ್ಯಾಸ್ಟ್ರಿಕ್’ ಎಂದೇ ಹೇಳುತ್ತಾರೆ. ಇವುಗಳಲ್ಲಿ ನಿಜವಾದ ಹುಣ್ಣು ಇರುವುದು ಸ್ವಲ್ಪ ಜನರಲ್ಲಿ ಮಾತ್ರ. ಬಾಯಿಯಿಂದ ಕೊಳವೆ ಇಳಿಸಿ ನೋಡುವ ಎಂಡೋಸ್ಕೋಪಿ ಇಲ್ಲದೆ ಹುಣ್ಣನ್ನೂ ಬರಿ ಉರಿಯನ್ನೂ ಖಚಿತವಾಗಿ ಬೇರ್ಪಡಿಸಲಾಗದು. ಗಿಡಮೂಲಿಕೆಯ ಸಾರಗಳನ್ನು ಈ ರೋಗಕ್ಕೆ ಔಷಧವಾಗಿ ಪರೀಕ್ಷಿಸುವ ಕೆಲಸ ಭಾರತದಲ್ಲಿ ಐದಾರು ದಶಕಗಳಿಂದ ನಡೆದಿದೆ. ಕರ್ನಾಟಕದ ಫಾರ್ಮಸಿ ಕಾಲೇಜುಗಳಲ್ಲಂತೂ ಎಂ.ಫಾರ್ಮ್ ಪ್ರಬಂಧಗಳಿಗೆ ಇದು ಬಹು ಪರಿಚಿತ ವಿಷಯ. ಸಾರವೊಂದು ಇಲಿಯ ಹೊಟ್ಟೆಯನ್ನು ಹುಣ್ಣಾಗದಂತೆ ಕಾಯಿತು ಎಂಬ ಫಲಿತಾಂಶ ಸುಲಭವಾಗಿ ಸಿಗುವಂಥದ್ದು. ಸುಲಭವಾಗಿ ಸಿಗುವುದರಿಂದಲೇ ಅದರ ತೂಕ ಕಡಿಮೆ. ಕೆಲವೇ ಗಿಡಗಳನ್ನು ಆರಿಸಿಕೊಂಡು, ಹುಣ್ಣಿರುವ ಮನುಷ್ಯರಲ್ಲಿ, ಹೋಲಿಕೆಯ ಗುಂಪಿಟ್ಟು, ಎಂಡೋಸ್ಕೋಪಿಯಿಂದ ಅಳೆದ ಪುರಾವೆ ಬಂದಾಗಲೇ ಸಾರವನ್ನು ಔಷಧ ಎನ್ನಬಹುದು ಎಂಬುದು ಈ ಲೇಖನದ ವಾದ.

ಹುಣ್ಣು ಏಕೆ ಆಗುತ್ತದೆ ಎಂಬ ತಿಳಿವಳಿಕೆ ನೂರು ವರ್ಷಗಳಲ್ಲಿ ಮೂರು ಬಾರಿ ಹೊರಳಿದೆ. ಆಮ್ಲವಿಲ್ಲದೆ ಹುಣ್ಣಿಲ್ಲ ಎಂದು ಕ್ರೊಯೇಷಿಯಾದ ಶಸ್ತ್ರವೈದ್ಯ ಕಾರ್ಲ್ ಶ್ವಾರ್ಜ್ 1910ರಲ್ಲಿ ಹೇಳಿದ್ದು ಬಹುಕಾಲ ನಿಂತಿತು. ಆ ದಾರಿಯಲ್ಲೇ ಜೇಮ್ಸ್ ಬ್ಲ್ಯಾಕ್ ರೂಪಿಸಿದ, ಆಮ್ಲ ತಗ್ಗಿಸುವ ಸಿಮೆಟಿಡೀನ್ 1976ರಲ್ಲಿ ಬ್ರಿಟನ್ನಿನ ಮಾರುಕಟ್ಟೆಗೆ ಬಂತು. 1980ರ ದಶಕದ ಕೊನೆಗೆ ಆಮ್ಲದ ಪಂಪನ್ನೇ ತಡೆಯುವ ಒಮೆಪ್ರಜೋಲ್ ಬಂತು. ಅಷ್ಟರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ 1982ರಲ್ಲಿ ಜಠರದ ಪೊರೆಯಲ್ಲಿ ವಾಸಿಸುವ ಸುರುಳಿ ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸಿದ್ದರು. ಹೆಲಿಕೋಬ್ಯಾಕ್ಟರ್ ಪೈಲೊರಿ ಎಂದು ಹೆಸರಾದ ಆ ರೋಗಾಣುವನ್ನು ಕೊಂದರೆ ಹುಣ್ಣು ಮರುಕಳಿಸುವುದು ತೀರ ಕಡಿಮೆಯಾಗುತ್ತದೆ ಎಂಬುದು ಸಿದ್ಧವಾಗಿ, ಇಬ್ಬರಿಗೂ 2005ರ ನೊಬೆಲ್ ಪ್ರಶಸ್ತಿ ಸಂದಿತು. ಮೂರನೆಯ ಕಾರಣ ನೋವಿನ ಮಾತ್ರೆಗಳು. ಆಸ್ಪಿರಿನ್, ಡೈಕ್ಲೊಫೆನಾಕ್, ಇಂಡೊಮೆಥಸಿನ್‌ನಂಥವು ಜಠರವನ್ನು ಕಾಯುವ ಪ್ರೊಸ್ಟಗ್ಲಾಂಡಿನ್ ತಯಾರಿಕೆಯನ್ನೇ ನಿಲ್ಲಿಸುತ್ತವೆ ಎಂದು ಜಾನ್ ವೇನ್ ತೋರಿಸಿಕೊಟ್ಟರು. ಬಗ್ಗಿ ನಾಟಿ ಹಚ್ಚುವ, ಕಳೆ ಕೀಳುವ, ಮೂಟೆ ಹೊರುವ ದುಡಿಮೆಯ ಊರುಗಳಲ್ಲಿ ಮೈಕೈ ನೋವಿನ ಮಾತ್ರೆ ಚೀಟಿಯಿಲ್ಲದೆ ಅಂಗಡಿಯಲ್ಲಿ ಸಿಗುವಾಗ ಈ ಮೂರನೆಯ ಕಾರಣವನ್ನು ಹಗುರಾಗಿ ಕಾಣಲಾಗದು. ಹೀಗಿರುವಾಗ ‘ಹುಣ್ಣಿಗೆ ಔಷಧ’ ಎಂದು ಒಂದು ಸಾರವನ್ನು ಕರೆದರೆ ಮೊದಲು ಕೇಳಬೇಕಾದದ್ದು ಅದು ಇವುಗಳಲ್ಲಿ ಯಾವುದರ ಮೇಲೆ ಕೆಲಸ ಮಾಡುತ್ತದೆ ಎಂದು: ಆಮ್ಲದ ಮೇಲೋ, ರೋಗಾಣುವಿನ ಮೇಲೋ, ಪೊರೆಯ ರಕ್ಷಣೆಯ ಮೇಲೋ.

ಈ ಸೀಮೆಗೆ ಹತ್ತಿರವಾದ ಒಂದು ಕಥೆ ಇಲ್ಲಿದೆ, ಅದು ಶುರುವಾದದ್ದು ಮೈಸೂರಿನಲ್ಲಿ. ಅಲ್ಲಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1950–60ರ ದಶಕಗಳಲ್ಲಿ ಶಸ್ತ್ರವೈದ್ಯರಾಗಿದ್ದ ಫ್ರಾಂಕ್ ಟೋವಿ ಡ್ಯುವೊಡಿನಲ್ ಹುಣ್ಣಿನ ರೋಗಿಗಳನ್ನು ಬಹಳವಾಗಿ ಕಂಡರು. ಭಾರತದಲ್ಲಿ ಈ ರೋಗ ಎಲ್ಲೆಡೆ ಒಂದೇ ಪ್ರಮಾಣದಲ್ಲಿಲ್ಲ. ಅಕ್ಕಿ ಉಣ್ಣುವ ದಕ್ಷಿಣ ಮತ್ತು ಪೂರ್ವದ ಸೀಮೆಗಳಲ್ಲಿ ಹೆಚ್ಚು, ತೌಡು ತೆಗೆಯದ ಗೋಧಿ, ಕಿರುಧಾನ್ಯ, ಕಾಳು ಉಣ್ಣುವಲ್ಲಿ ಕಡಿಮೆ ಎಂಬುದನ್ನು ಅವರು ಆಸ್ಪತ್ರೆಗಳ ದಾಖಲೆ ಕಲೆಹಾಕಿ ಬರೆದರು. ಅದಕ್ಕೂ ಮುಂಚೆ ರೈಲ್ವೆ ವೈದ್ಯ ಎಸ್.ಎಲ್. ಮಲ್ಹೋತ್ರಾ ಉತ್ತರ ಮತ್ತು ದಕ್ಷಿಣದ ರೈಲ್ವೆ ನೌಕರರಲ್ಲಿ ಇದೇ ಅಂತರವನ್ನು ಕಂಡಿದ್ದರು. ವಾಸಿಯಾದ ಹುಣ್ಣಿನ ರೋಗಿಗಳನ್ನು ಐದು ವರ್ಷ ಹಿಂಬಾಲಿಸಿ ಮಲ್ಹೋತ್ರಾ 1978ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಅನ್ನದ ಊಟದಲ್ಲೇ ಉಳಿದವರಲ್ಲಿ 81 ಶೇಕಡಾ ಜನರಿಗೆ ಹುಣ್ಣು ಮರುಕಳಿಸಿತು, ತೌಡುಸಹಿತ ಗೋಧಿಗೆ ಬದಲಾದವರಲ್ಲಿ ಮರುಕಳಿಸಿದ್ದು 14 ಶೇಕಡಾ ಜನರಿಗೆ. ಟೋವಿ, ಜಯರಾಜ್ ಮತ್ತು ಸಂಗಡಿಗರು 1980ರಿಂದ ಈ ಆಹಾರಗಳನ್ನೇ ಇಲಿಗಳಿಗೆ ತಿನ್ನಿಸಿ ನೋಡಿದಾಗ ಹುರಳಿಯ ಕೊಬ್ಬಿನಂಶ ಹುಣ್ಣನ್ನು ತಡೆಯಿತು. ಹೊಸ ಅಕ್ಕಿ ತೌಡಿನಲ್ಲೂ ಆ ಗುಣ ಕಂಡಿತು, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಇರಲಿಲ್ಲ. ಪೈಲೊರಿ ರೋಗಾಣು ಉತ್ತರದಲ್ಲೂ ದಕ್ಷಿಣದಲ್ಲೂ ಬಹುಮಂದಿಯ ಹೊಟ್ಟೆಯಲ್ಲಿದೆ, ಆದರೂ ಹುಣ್ಣಿನ ಪ್ರಮಾಣ ಬೇರೆ ಬೇರೆ. ಆದ್ದರಿಂದ ರೋಗಾಣು ಒಂದೇ ಎಲ್ಲವನ್ನೂ ವಿವರಿಸದು ಎಂದು ಟೋವಿ ಕೊನೆಯವರೆಗೂ ವಾದಿಸಿದರು. ಈ ವಾದವನ್ನು ಸಿಂಧನೂರಿಗೆ ತಂದು ನೋಡಬೇಕು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಜೋಳ, ಸಜ್ಜೆ, ಕಾಳು ಬೆಳೆಯುತ್ತಿದ್ದ ಎರೆಹೊಲ ಭತ್ತದ ಗದ್ದೆಯಾಯಿತು. ಆಂಧ್ರದಿಂದ ಬಂದ ರೈತರ ಕ್ಯಾಂಪ್‌ಗಳು, ಪೂರ್ವ ಪಾಕಿಸ್ತಾನದ ನಿರಾಶ್ರಿತ ಬಂಗಾಳಿಗಳು ನೆಲೆಸಿದ ಆರ್.ಎಚ್. (ಪುನರ್ವಸತಿ) ಕ್ಯಾಂಪ್‌ಗಳು, ಪಡಿತರ ಅಕ್ಕಿ, ಇವೆಲ್ಲ ಸೇರಿ ಒಂದೇ ತಾಲೂಕಿನಲ್ಲಿ ರೊಟ್ಟಿ ಉಣ್ಣುವ ಮನೆಯೂ ಅನ್ನ ಉಣ್ಣುವ ಮನೆಯೂ ಅಕ್ಕಪಕ್ಕ ಬಂದಿವೆ. ಕಾಲುವೆ ಮುಟ್ಟದ ಲಿಂಗಸುಗೂರು, ಮಸ್ಕಿಯ ಒಣ ಭಾಗಗಳಲ್ಲಿ ಜೋಳದ ಊಟ ಇನ್ನೂ ಗಟ್ಟಿಯಾಗಿದೆ. ಸಸ್ಯಜನ್ಯ ವಸ್ತು ಹುಣ್ಣನ್ನು ತಡೆಯುತ್ತದೆಯೇ ಎಂದು ಕೇಳುವವರಿಗೆ ಇಷ್ಟು ಹತ್ತಿರದ ಹೋಲಿಕೆ ಬೇರೆಡೆ ಸಿಗುವುದು ಕಷ್ಟ. ಟೋವಿಯವರ ಕೆಲಸದಲ್ಲಿ ನನಗೆ ಮೆಚ್ಚುಗೆಯಾಗುವುದು ಅದರ ಕ್ರಮ: ಮೊದಲು ರೋಗಿಗಳ ನಡುವೆ ಅಂತರ ಕಂಡರು, ಆಮೇಲೆ ಆಹಾರವನ್ನು ಶಂಕಿಸಿದರು, ಇಲಿಯನ್ನು ಕೊನೆಯಲ್ಲಿ ಮುಟ್ಟಿದರು.

ಪರಂಪರೆಯ ವೈದ್ಯದಲ್ಲಿ ಈ ರೋಗಕ್ಕೆ ನೇರ ಜೋಡಿಯಿಲ್ಲ, ಹತ್ತಿರದ ವಿವರಣೆಗಳಿವೆ. ಕಾಶ್ಯಪ ಸಂಹಿತೆಯಲ್ಲೂ ಮಾಧವ ನಿದಾನದಲ್ಲೂ ಬರುವ ಆಮ್ಲಪಿತ್ತ, ಉಂಡದ್ದು ಅರಗುವ ಹೊತ್ತಿಗೆ ಏಳುವ ನೋವಾದ ಪರಿಣಾಮಶೂಲ ಇವೆರಡರಲ್ಲಿ ಡ್ಯುವೊಡಿನಲ್ ಹುಣ್ಣಿನ ಲಕ್ಷಣಗಳನ್ನು ಗುರುತಿಸಬಹುದು. ಇವಕ್ಕೆ ಶತಾವರಿ, ನೆಲ್ಲಿ, ಜ್ಯೇಷ್ಠಮಧು, ಅಮೃತಬಳ್ಳಿ ಮೊದಲಾದವನ್ನು ಹೇಳಿದ್ದಾರೆ. ಬೇವು, ಲೋಳೆಸರ, ಜಾಲಿಯ ಅಂಟು, ನುಗ್ಗೆ, ಬಿಲ್ವ, ತಂಗಡಿ, ಗದ್ದೆಯ ಬದುವಿನ ಗರುಗ, ಒಂದೆಲಗ ಇವೆಲ್ಲ ಈ ಭಾಗದಲ್ಲಿ ಕೈಗೆಟಕುವ ಗಿಡಗಳು. ಇವುಗಳ ಸಾರ ಇಲಿಗಳಲ್ಲಿ ಹುಣ್ಣು ತಗ್ಗಿಸಿದ ವರದಿಗಳೂ ಇವೆ. ಸಾವಿರಾರು ವರ್ಷ ಬಳಸಿದ್ದೇ ಪುರಾವೆಯಲ್ಲವೇ, ಮತ್ತೇಕೆ ಪ್ರಯೋಗ ಎಂಬ ಆಕ್ಷೇಪ ಇಲ್ಲಿ ಏಳುತ್ತದೆ. ಅದರಲ್ಲಿ ಒಂದು ಭಾಗ ನಿಜ. ದೀರ್ಘ ಬಳಕೆ, ತಕ್ಷಣದ ವಿಷವಿಲ್ಲ ಎಂಬುದಕ್ಕೆ ಒಳ್ಳೆಯ ಸೂಚನೆ. ಗುಣಕ್ಕೆ ಅದು ಸೂಚನೆಯಾಗದೆ ಹೋಗುವುದು ಈ ರೋಗದ ಸ್ವಭಾವದಿಂದಾಗಿ. ಹುಣ್ಣು ತಾನೇ ಮಾಯುತ್ತದೆ, ಮತ್ತೆ ಬರುತ್ತದೆ. ಹಿಂದಿನ ಪ್ರಯೋಗಗಳಲ್ಲಿ ಔಷಧವಿಲ್ಲದ ಹುಸಿ ಮಾತ್ರೆ ನುಂಗಿದವರಲ್ಲೂ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನರ ಡ್ಯುವೊಡಿನಲ್ ಹುಣ್ಣು ನಾಲ್ಕು ವಾರಗಳಲ್ಲಿ ವಾಸಿಯಾಗಿದ್ದುಂಟು. ಯಾವ ಬೇರು ಅರೆದು ಕುಡಿಸಿದರೂ ಇಷ್ಟು ಜನ ಗುಣ ಕಾಣುತ್ತಾರೆ, ಕೊಟ್ಟವರು ಪ್ರಾಮಾಣಿಕವಾಗಿಯೇ ಅದನ್ನು ಬೇರಿನ ಗುಣವೆಂದು ನಂಬುತ್ತಾರೆ. ನಾಟಿ ವೈದ್ಯರ ಅನುಭವವನ್ನು ಗೌರವಿಸುವ ಸರಿಯಾದ ದಾರಿ ಅದನ್ನು ಹೋಲಿಕೆಗೆ ಒಡ್ಡುವುದೇ.

ಕಾಲೇಜುಗಳ ಪ್ರಯೋಗಶಾಲೆಯಲ್ಲಿ ನಡೆಯುವ ಪರೀಕ್ಷೆಯ ಚೌಕಟ್ಟು ಬಹುಮಟ್ಟಿಗೆ ಒಂದೇ. ರಾಯಚೂರಿನ ವಿ.ಎಲ್. ಫಾರ್ಮಸಿ ಕಾಲೇಜು, ಎನ್.ಇ.ಟಿ. ಫಾರ್ಮಸಿ ಕಾಲೇಜಿನಂಥ ಸಂಸ್ಥೆಗಳೂ ಸೇರಿದಂತೆ ರಾಜ್ಯದ ಬಹಳಷ್ಟು ಫಾರ್ಮಸಿ ಕಾಲೇಜುಗಳು 1996ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿವೆ. ಪ್ರಬಂಧದ ಸಾರಾಂಶ ಒಪ್ಪಿಗೆಯಾಗಿ, ಪ್ರಾಣಿ ಪ್ರಯೋಗದ ನೈತಿಕ ಸಮಿತಿಯ ಅನುಮತಿ ಸಿಕ್ಕ ಮೇಲೆ ಕೆಲಸ ಆರಂಭ. ಎಲೆ, ತೊಗಟೆ ಅಥವಾ ಬೇರನ್ನು ನೆರಳಲ್ಲಿ ಒಣಗಿಸಿ ಪುಡಿಮಾಡಿ ಸಾಕ್ಸ್‌ಲೆಟ್ ಉಪಕರಣದಲ್ಲಿ ಪೆಟ್ರೋಲಿಯಂ ಈಥರ್, ಕ್ಲೋರೋಫಾರ್ಮ್, ಆಲ್ಕೋಹಾಲ್, ನೀರು ಹೀಗೆ ಒಂದರ ಮೇಲೊಂದು ದ್ರಾವಕದಲ್ಲಿ ಸಾರ ಇಳಿಸುತ್ತಾರೆ. ಟ್ಯಾನಿನ್, ಫ್ಲೇವನಾಯ್ಡ್, ಸಪೋನಿನ್ ಇವೆಯೇ ಎಂದು ರಾಸಾಯನಿಕವಾಗಿ ನೋಡುತ್ತಾರೆ. ಇಲಿಯೊಂದರ ದೇಹದ ತೂಕದ ಕಿಲೋಗೆ 2,000 ಮಿಲಿಗ್ರಾಂವರೆಗೆ ಕೊಟ್ಟು ಸಾಯುವುದಿಲ್ಲವೆಂದು ಖಚಿತಪಡಿಸಿಕೊಂಡು, ಅದರ ಹತ್ತನೆಯ ಅಥವಾ ಐದನೆಯ ಭಾಗವನ್ನು ಪ್ರಮಾಣವಾಗಿ ಆರಿಸುತ್ತಾರೆ. ಉಪವಾಸ ಕೆಡವಿದ ವಿಸ್ಟಾರ್ ತಳಿಯ ಬಿಳಿ ಇಲಿಗಳಿಗೆ ಸಾರ ಕುಡಿಸಿ, ಆಮೇಲೆ ಹುಣ್ಣು ಉಂಟುಮಾಡುವುದು ಮುಂದಿನ ಹಂತ. ಶೇ ಎಂಬ ವಿಜ್ಞಾನಿ ಮತ್ತು ಸಂಗಡಿಗರು 1945ರಲ್ಲಿ ವಿವರಿಸಿದ ವಿಧಾನದಲ್ಲಿ ಅರಿವಳಿಕೆ ಕೊಟ್ಟು ಜಠರದ ಕೆಳಬಾಯಿಯನ್ನು ದಾರದಿಂದ ಬಿಗಿಯುತ್ತಾರೆ. ಹೊರಹೋಗಲಾರದ ಆಮ್ಲ ಕೆಲವೇ ಗಂಟೆಗಳಲ್ಲಿ ಪೊರೆಯನ್ನು ಕೊರೆಯುತ್ತದೆ. ಬೇರೆ ವಿಧಾನಗಳಲ್ಲಿ ಶುದ್ಧ ಆಲ್ಕೋಹಾಲ್ ಕುಡಿಸುತ್ತಾರೆ, ಆಸ್ಪಿರಿನ್ ಅಥವಾ ಇಂಡೊಮೆಥಸಿನ್ ಕೊಡುತ್ತಾರೆ, ಇಲಿಯನ್ನು ಕಟ್ಟಿ ತಣ್ಣೀರಲ್ಲಿ ಇಳಿಬಿಡುತ್ತಾರೆ. ಕೊನೆಗೆ ಇಲಿಯನ್ನು ಕೊಂದು, ಜಠರವನ್ನು ಸೀಳಿ, ರಸದ ಪ್ರಮಾಣ ಮತ್ತು ಆಮ್ಲತೆಯನ್ನು ಕ್ಷಾರದ ಟೈಟ್ರೇಶನ್‌ನಿಂದ ಅಳೆದು, ಹುಣ್ಣುಗಳಿಗೆ ಅಂಕ ಕೊಟ್ಟು ‘ಅಲ್ಸರ್ ಇಂಡೆಕ್ಸ್’ ತೆಗೆಯುತ್ತಾರೆ. ರಾನಿಟಿಡೀನ್ ಅಥವಾ ಒಮೆಪ್ರಜೋಲ್ ಪಡೆದ ಗುಂಪಿನ ಪಕ್ಕದಲ್ಲಿಟ್ಟು ಸಾರದ ಫಲವನ್ನು ಹೇಳುತ್ತಾರೆ.

ವಿದ್ಯಾರ್ಥಿಗಳ ಶ್ರಮವನ್ನು ಕೀಳುಗಳೆಯದೆ ಈ ಪರೀಕ್ಷೆಯ ಮಿತಿಗಳನ್ನು ಹೇಳಬೇಕು, ಏಕೆಂದರೆ ಅವು ಸಣ್ಣವಲ್ಲ. ಮೊದಲನೆಯದಾಗಿ ಸಾರವನ್ನು ಹುಣ್ಣಿಗಿಂತ ಮುಂಚೆ ಕೊಡುತ್ತಾರೆ. ಆಸ್ಪತ್ರೆಗೆ ಬರುವ ರೋಗಿಗೆ ಹುಣ್ಣು ಆಗಲೇ ಇರುತ್ತದೆ. ಅವರಿಗೆ ಬೇಕಾದದ್ದು ಮಾಯಿಸುವ ಔಷಧ, ತಡೆಯುವ ಔಷಧದ ಪರೀಕ್ಷೆ ಅದಕ್ಕೆ ಉತ್ತರ ಕೊಡದು. ಎರಡನೆಯದನ್ನು ಆಂದ್ರೆ ರಾಬರ್ಟ್ ಎಂಬ ಸಂಶೋಧಕರೇ ತೋರಿಸಿಕೊಟ್ಟಿದ್ದಾರೆ. ಪ್ರೊಸ್ಟಗ್ಲಾಂಡಿನ್ ಪೊರೆಯನ್ನು ಕಾಯುವುದನ್ನು 1979ರಲ್ಲಿ ಆಲ್ಕೋಹಾಲ್ ಪ್ರಯೋಗದಿಂದ ಸಾಧಿಸಿದ ಅವರು, 1983ರಲ್ಲಿ ಇನ್ನೊಂದು ಸಂಗತಿ ಪ್ರಕಟಿಸಿದರು: ದುರ್ಬಲ ಆಲ್ಕೋಹಾಲ್, ದುರ್ಬಲ ಆಮ್ಲದಂಥ ಸೌಮ್ಯ ಕಿರಿಕಿರಿಯ ವಸ್ತುವನ್ನು ಮೊದಲು ಕೊಟ್ಟರೂ ಜಠರ ತನ್ನ ಪ್ರೊಸ್ಟಗ್ಲಾಂಡಿನ್ ಹೆಚ್ಚಿಸಿಕೊಂಡು ಮುಂದಿನ ದೊಡ್ಡ ಪೆಟ್ಟನ್ನು ತಾಳುತ್ತದೆ. ಅಂದರೆ ಜಠರವನ್ನು ಕೆರಳಿಸುವ ಸಾರವೂ ಈ ಪರೀಕ್ಷೆಯಲ್ಲಿ ‘ರಕ್ಷಕ’ ಎಂದು ಕಾಣಬಹುದು. ಒಗರಿನ ಟ್ಯಾನಿನ್ ಪೊರೆಯ ಪ್ರೋಟೀನನ್ನು ಹೆಪ್ಪುಗಟ್ಟಿಸಿ ಒಂದು ಲೇಪ ಕಟ್ಟುತ್ತದೆ; ಟ್ಯಾನಿನ್ ಇರುವ ಗಿಡಗಳಿಗೆ ಲೆಕ್ಕವಿಲ್ಲ. ಸಿಂಗಪುರದಲ್ಲಿ 1995ರಲ್ಲಿ 18 ಮಂದಿ ಆರೋಗ್ಯವಂತರಿಗೆ ಮೆಣಸಿನಕಾಯಿ ಪುಡಿ ತಿನ್ನಿಸಿ ಆಸ್ಪಿರಿನ್ ಕೊಟ್ಟಾಗ, ಪುಡಿ ತಿಂದ ದಿನ ಜಠರದ ಗಾಯ ಕಡಿಮೆಯೇ ಇತ್ತು. ಮೆಣಸಿನಕಾಯಿಯನ್ನು ಹುಣ್ಣಿನ ಮದ್ದೆಂದು ಯಾರೂ ಕೊಡುವುದಿಲ್ಲ, ಸರಿಯಾಗಿಯೇ ಕೊಡುವುದಿಲ್ಲ. ಮೂರನೆಯದು ಪ್ರಮಾಣ. ಇಲಿಗೆ ಕಿಲೋಗೆ 200 ಮಿಲಿಗ್ರಾಂ ಎಂದರೆ ಮೈಹರವಿನ ಲೆಕ್ಕದಲ್ಲಿ ಮನುಷ್ಯರಿಗೆ ಅದರ ಆರನೆಯ ಒಂದು ಭಾಗ, ಕಿಲೋಗೆ ಸುಮಾರು 32 ಮಿಲಿಗ್ರಾಂ. 60 ಕಿಲೋ ತೂಗುವವರಿಗೆ ದಿನಕ್ಕೆ ಸುಮಾರು 1.9 ಗ್ರಾಂ ಒಣ ಸಾರ. ನೂರು ಗ್ರಾಂ ಪುಡಿಯಿಂದ ಹತ್ತು ಗ್ರಾಂ ಸಾರ ಇಳಿಯುತ್ತದೆಂದುಕೊಂಡರೆ 19 ಗ್ರಾಂ ಒಣಗಿದ ಪುಡಿ. 400 ಮಿಲಿಗ್ರಾಂನಲ್ಲಿ ಮಾತ್ರ ಫಲ ಕಂಡ ಸಾರಕ್ಕೆ ಇದರ ಎರಡು ಪಟ್ಟು, ಅದೂ ವಾರಗಟ್ಟಲೆ. ನಾಲ್ಕನೆಯ ಮಿತಿಯೇ ಎಲ್ಲಕ್ಕಿಂತ ಗಂಭೀರ: ಈ ಇಲಿಗಳ ಹೊಟ್ಟೆಯಲ್ಲಿ ಪೈಲೊರಿ ರೋಗಾಣುವೇ ಇಲ್ಲ.

ಪ್ರಾಣಿ ಪ್ರಯೋಗವಿಲ್ಲದೆ ನೇರವಾಗಿ ರೋಗಿಗೆ ಕೊಡಲಾಗದು, ಹಾಗಾದರೆ ಇಲಿಯ ಕೆಲಸ ಬೇಡವೇ ಎಂದು ಕೇಳಬಹುದು. ಬೇಕು, ಆದರೆ ಪ್ರಶ್ನೆಗೆ ತಕ್ಕ ಪ್ರಯೋಗ ಬೇಕು. ಜಪಾನಿನ ತಕಗಿ, ಒಕಾಬೆ ಮತ್ತು ಸಂಗಡಿಗರು 1969ರಲ್ಲಿ ಅಸಿಟಿಕ್ ಆಮ್ಲದಿಂದ ಇಲಿಯ ಜಠರದಲ್ಲಿ ವಾರಗಟ್ಟಲೆ ಉಳಿಯುವ ಆಳದ ಹುಣ್ಣನ್ನು ಮಾಡುವ ವಿಧಾನ ಕೊಟ್ಟರು. ಹುಣ್ಣಾದ ಮೇಲೆ ಸಾರ ಕೊಟ್ಟು ಮಾಯುವ ವೇಗವನ್ನು ಅಲ್ಲಿ ಅಳೆಯಬಹುದು. ಪೈಲೊರಿ ಸೋಂಕನ್ನು ಮಂಗೋಲಿಯಾದ ಜರ್ಬಿಲ್ ಎಂಬ ಮೂಷಿಕದಲ್ಲಿ ನೆಲೆಗೊಳಿಸಬಹುದು. ತಟ್ಟೆಯಲ್ಲಿ ರೋಗಾಣು ಬೆಳೆಸಿ ಸಾರ ಹಾಕಿ ನೋಡುವುದು ಇನ್ನೂ ಅಗ್ಗ, ಆದರೆ ಅದರ ಮೋಸ ಬಲ್ಲವರು ಕಡಿಮೆ. ಗ್ರೀಸ್‌ನ ಕಿಯೋಸ್ ದ್ವೀಪದ ಮಸ್ತಕಿ ಅಂಟು ಪೈಲೊರಿಯನ್ನು ಕೊಲ್ಲುತ್ತದೆ ಎಂದು 1998ರಲ್ಲಿ ಬ್ರಿಟನ್ನಿನ ನಾಟಿಂಗ್‌ಹ್ಯಾಮ್‌ನ ಸಂಶೋಧಕರು ಬರೆದ ಚಿಕ್ಕ ಪತ್ರ ಜಗತ್ತೆಲ್ಲ ಸುದ್ದಿಯಾಯಿತು. 2003ರಲ್ಲಿ ಅದೇ ನಾಟಿಂಗ್‌ಹ್ಯಾಮ್‌ನಲ್ಲಿ ಸೋಂಕಿತರಿಗೆ ದಿನಕ್ಕೆ ನಾಲ್ಕು ಗ್ರಾಂನಂತೆ 14 ದಿನ ಮಸ್ತಕಿ ಕೊಟ್ಟಾಗ ಪ್ರಯೋಗ ಪೂರೈಸಿದ ಒಬ್ಬರಲ್ಲೂ ರೋಗಾಣು ಹೋಗಿರಲಿಲ್ಲ. ಆಮೇಲೆ ಗ್ರೀಸ್‌ನಲ್ಲಿ ನಡೆದ ಚಿಕ್ಕ ಪ್ರಯೋಗದಲ್ಲಿ ಕೆಲವರಿಗಷ್ಟೇ ಗುಣ ಕಂಡಿತು. ಗಾಜಿನ ತಟ್ಟೆಯಲ್ಲಿ ಸಾರ ರೋಗಾಣುವನ್ನು ನೇರ ಮುಟ್ಟುತ್ತದೆ. ಹೊಟ್ಟೆಯಲ್ಲಿ ಅದು ಆಮ್ಲಕ್ಕೆ ತಾಳಬೇಕು, ಲೋಳೆಪದರದ ಆಳಕ್ಕೆ ಇಳಿಯಬೇಕು, ಜಠರ ಖಾಲಿಯಾಗುವ ಮುನ್ನ ಕೆಲಸ ಮುಗಿಸಬೇಕು.

ಮನುಷ್ಯರವರೆಗೆ ಬಂದ ಕೆಲವೇ ಗಿಡಗಳ ಕಥೆ ಈ ಕಾರಣಕ್ಕೇ ಬೆಲೆಯುಳ್ಳದ್ದು. ನಮ್ಮ ಹೊಲದ ಬದುವಿನಲ್ಲೇ ನಿಂತ ಬೇವನ್ನು ಮೊದಲು ನೋಡೋಣ. ಕೋಲ್ಕತ್ತಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಕೆಮಿಕಲ್ ಬಯಾಲಜಿಯ ಉದಯ್ ಬಂದ್ಯೋಪಾಧ್ಯಾಯ, ಆರ್.ಕೆ. ಬ್ಯಾನರ್ಜಿ ಮತ್ತು ಸಂಗಡಿಗರು ಬೇವಿನ ತೊಗಟೆಯ ನೀರುಸಾರ ಒಮೆಪ್ರಜೋಲ್‌ನಂತೆಯೇ ಆಮ್ಲದ ಪಂಪನ್ನು ತಡೆಯುವುದನ್ನು ಕಂಡರು. 2004ರಲ್ಲಿ ರೋಗಿಗಳ ಮೇಲಿನ ಫಲಿತಾಂಶ ಪ್ರಕಟಿಸಿದರು: ದಿನಕ್ಕೆ ಎರಡು ಬಾರಿ 30 ಮಿಲಿಗ್ರಾಂ ಸಾರ ಹತ್ತು ದಿನ ಕೊಟ್ಟಾಗ ಆಮ್ಲ ಸ್ರಾವ 77 ಶೇಕಡಾ ತಗ್ಗಿತು, 30ರಿಂದ 60 ಮಿಲಿಗ್ರಾಂ ಎರಡು ಹೊತ್ತು ಹತ್ತು ವಾರ ಕೊಟ್ಟಾಗ ಡ್ಯುವೊಡಿನಲ್ ಹುಣ್ಣು ಹೆಚ್ಚುಕಡಿಮೆ ಪೂರ್ತಿ ಮಾಯಿತು. ಪ್ರಮಾಣ ಮಿಲಿಗ್ರಾಂಗಳಲ್ಲಿದೆ, ಕೆಲಸ ಮಾಡುವ ಬಗೆ ತಿಳಿದಿದೆ, ಹುಣ್ಣನ್ನು ಕಣ್ಣಾರೆ ನೋಡಿದ್ದಾರೆ. ಇದು ಇಲಿಯ ನೂರು ಪ್ರಬಂಧಗಳಿಗಿಂತ ಮುಂದೆ ಹೋದ ಕೆಲಸ. ಆದರೆ ರೋಗಿಗಳು ಕೆಲವೇ ಮಂದಿ, ಹುಸಿ ಮಾತ್ರೆಯ ಗುಂಪಿರಲಿಲ್ಲ. ಹತ್ತು ವಾರದಲ್ಲಿ ಎಷ್ಟು ಹುಣ್ಣುಗಳು ತಾವೇ ಮಾಯುತ್ತಿದ್ದವೋ ಆ ಪಾಲನ್ನು ಕಳೆಯದೆ ಬೇವಿಗೆ ಪೂರ್ಣ ಅಂಕ ಕೊಡಲಾಗದು. ಬಾಳೆಕಾಯಿಯದು ಇನ್ನೊಂದು ಪಾಠ. ಭಾರತದಲ್ಲಿ ಎ.ಕೆ. ಸನ್ಯಾಲ್ ಮತ್ತು ಸಂಗಡಿಗರು 1960ರ ದಶಕದಲ್ಲೇ ಕಾಯಿಬಾಳೆಯ ಪುಡಿ ಹುಣ್ಣನ್ನು ತಡೆಯುವುದನ್ನು ಕಂಡಿದ್ದರು. 1984ರಲ್ಲಿ ಬ್ರಿಟನ್ನಿನ ಬೆಸ್ಟ್, ಲೂಯಿಸ್, ನಾಸರ್ ಇವರು ಅಡುಗೆಯ ಬಾಳೆಕಾಯಿಯಲ್ಲಿ ಈ ಗುಣವಿದೆ, ಮಾಗಿದ ಹಣ್ಣಿನಲ್ಲಿ ಇಲ್ಲ ಎಂದು ತೋರಿಸಿದರು. ಯಾವ ತಳಿ, ಎಷ್ಟು ಬಲಿತದ್ದು, ಹೇಗೆ ಒಣಗಿಸಿದ್ದು ಎಂಬುದನ್ನು ಬರೆಯದ ಪ್ರಬಂಧವನ್ನು ಇನ್ನೊಬ್ಬರು ಪುನರಾವರ್ತಿಸಲಾರರು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಡ.

ಜ್ಯೇಷ್ಠಮಧುವಿನ ಚರಿತ್ರೆ ಎಲ್ಲಕ್ಕಿಂತ ಉದ್ದವಾದದ್ದು, ಎಚ್ಚರಿಕೆಯೂ ಅದರಲ್ಲೇ ಇದೆ. ನೆದರ್ಲೆಂಡ್ಸ್‌ನ ವೈದ್ಯ ರೆವರ್ಸ್ 1940ರ ದಶಕದಲ್ಲಿ ಅದರ ಸಾರದಿಂದ ಹುಣ್ಣಿನ ರೋಗಿಗಳು ಚೇತರಿಸಿಕೊಂಡದ್ದನ್ನು ದಾಖಲಿಸುವಾಗಲೇ, ಸುಮಾರು ಐವರಲ್ಲಿ ಒಬ್ಬರಿಗೆ ಮೈ ಊದಿಕೊಂಡದ್ದನ್ನೂ ದಾಖಲಿಸಿದರು. ಆ ಬೇರಿನ ಗ್ಲಿಸಿರೈಜಿನ್‌ನಿಂದ ರೂಪಿಸಿದ ಕಾರ್ಬೆನಾಕ್ಸಲೋನ್ ಜಠರದ ಹುಣ್ಣನ್ನು ಬೇಗ ಮಾಯಿಸುತ್ತದೆ ಎಂದು 1962ರಲ್ಲಿ ರಿಚರ್ಡ್ ಡಾಲ್ ಮತ್ತು ಸಂಗಡಿಗರು ಹೋಲಿಕೆಯ ಪ್ರಯೋಗದಿಂದ ತೋರಿಸಿದರು. ಗಿಡದಿಂದ ಹುಟ್ಟಿದ ಹುಣ್ಣಿನ ಔಷಧ ಕಠಿಣ ಪರೀಕ್ಷೆಯಲ್ಲಿ ಗೆದ್ದ ಮೊದಲ ದೊಡ್ಡ ನಿದರ್ಶನಗಳಲ್ಲಿ ಇದೊಂದು. ಆದರೆ ಅದೇ ಅಂಶ ದೇಹದಲ್ಲಿ ಉಪ್ಪು ನಿಲ್ಲಿಸಿ, ಪೊಟ್ಯಾಸಿಯಂ ಇಳಿಸಿ, ರಕ್ತದೊತ್ತಡ ಏರಿಸುತ್ತಿತ್ತು, ಸಿಮೆಟಿಡೀನ್ ಬಂದ ಮೇಲೆ ಅದು ಹಿಂದೆ ಸರಿಯಿತು. ಈಗ ಗ್ಲಿಸಿರೈಜಿನ್ ಕಡಿಮೆ ಮಾಡಿ ಫ್ಲೇವನಾಯ್ಡ್ ಉಳಿಸಿಕೊಂಡ ಸಾರಗಳು ಬಂದಿವೆ. ಅಂಥದೊಂದನ್ನು ಬೆಂಗಳೂರಿನ ನ್ಯಾಚುರಲ್ ರೆಮೆಡೀಸ್ ಕಂಪನಿ ಗಟ್‌ಗಾರ್ಡ್ ಹೆಸರಿನಲ್ಲಿ ತಯಾರಿಸುತ್ತದೆ. 2013ರಲ್ಲಿ ಪ್ರಕಟವಾದ, ಯಾರಿಗೆ ಯಾವುದು ಎಂದು ವೈದ್ಯರಿಗೂ ರೋಗಿಗೂ ತಿಳಿಯದಂತೆ ನಡೆಸಿದ ಪ್ರಯೋಗದಲ್ಲಿ ದಿನಕ್ಕೆ 150 ಮಿಲಿಗ್ರಾಂನಂತೆ 60 ದಿನ ಇದನ್ನು ಪಡೆದ ಪೈಲೊರಿ ಸೋಂಕಿತರಲ್ಲಿ 56 ಶೇಕಡಾ ಜನರ ಮಲಪರೀಕ್ಷೆಯಲ್ಲಿ ರೋಗಾಣು ಕಾಣಲಿಲ್ಲ. ಹುಸಿ ಮಾತ್ರೆಯ ಗುಂಪಿನಲ್ಲಿ ಇದು 4 ಶೇಕಡಾ. ವಿನ್ಯಾಸ ಸರಿಯಾಗಿದೆ, ಅಂತರ ದೊಡ್ಡದು. ತಯಾರಕರಿಗೆ ಸಂಬಂಧವಿಲ್ಲದ ಬೇರೆ ಕೇಂದ್ರಗಳಲ್ಲಿ ಮತ್ತೆ ಇದೇ ಫಲ ಬರಬೇಕು. ಆಗಲೂ ಎರಡು ಆ್ಯಂಟಿಬಯಾಟಿಕ್ ಮತ್ತು ಆಮ್ಲನಿರೋಧಕ ಸೇರಿದ 14 ದಿನಗಳ ಚಿಕಿತ್ಸೆಯ ಜೊತೆಗೆ ಕೊಟ್ಟಾಗ ಏನು ಲಾಭ ಎಂಬುದೇ ರೋಗಿಗೆ ಬೇಕಾದ ಪ್ರಶ್ನೆ.

ಸಾರದ ಗುಣ ತಿಳಿದರೂ ಬಾಟಲಿಯಲ್ಲಿ ಇರುವುದು ಅದೇ ಗಿಡವೇ ಎಂಬುದು ಬೇರೆ ಪ್ರಶ್ನೆ. ಜ್ಯೇಷ್ಠಮಧು ನಮ್ಮ ಕಡೆ ಬೆಳೆಯದು. ಗ್ರಂಥಿಗೆ ಅಂಗಡಿಗೆ ಬರುವ ಬೇರು ಬಹುತೇಕ ಹೊರದೇಶದ್ದು, ಅದರಲ್ಲಿ ಬೇಲಿಯ ಗುಲಗಂಜಿ ಬಳ್ಳಿಯ ಬೇರು ಬೆರೆಯುವುದು ಹಳೆಯ ಸಮಸ್ಯೆ. ಸ್ಥಳೀಯವಾಗಿ ಸಂಗ್ರಹಿಸಿದ ಗಿಡಕ್ಕೂ ತೊಂದರೆಗಳಿವೆ. ಭತ್ತದ ಗದ್ದೆಯ ಬದುವಿನಿಂದ ಕಿತ್ತ ಗರುಗ, ಒಂದೆಲಗದ ಮೇಲೆ ಬೆಳೆಗೆ ಹೊಡೆದ ಕೀಟನಾಶಕ ಬಿದ್ದಿರುತ್ತದೆ. ಹಟ್ಟಿಯ ಚಿನ್ನದ ಪಟ್ಟಿಯ ಸುತ್ತಲಿನ ಕೆಲವು ಊರುಗಳ ಅಂತರ್ಜಲದಲ್ಲಿ ಆರ್ಸೆನಿಕ್ ಇರುವುದು ದಾಖಲಾಗಿದೆ. ಆಯುರ್ವೇದ ಔಷಧಗಳಿಗೆ ಸೀಸ 10, ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3 ಪಿಪಿಎಂ ಮಿತಿ ಇದೆ. ಗಿಡ ಎಲ್ಲಿಂದ ತಂದದ್ದೆಂಬ ವಿವರ, ಸಸ್ಯಶಾಸ್ತ್ರಜ್ಞರು ಗುರುತಿಸಿ ಕಾಪಿಟ್ಟ ಒಣ ಮಾದರಿ, ಈ ಲೋಹಗಳ ಅಳತೆ ಇಲ್ಲದೆ ಸಾರದ ಪ್ರಯೋಗ ಆರಂಭಿಸಲೇಬಾರದು. ಕಾನೂನಿನ ಹಾದಿಯೂ ಈಗ ಸ್ಪಷ್ಟವಾಗಿದೆ. ಕನಿಷ್ಠ ನಾಲ್ಕು ಅಂಶಗಳನ್ನು ಗುರುತಿಸಿ ಅಳೆದ ಶುದ್ಧೀಕರಿಸಿದ ಸಾರಭಾಗವನ್ನು ಫೈಟೊಫಾರ್ಮಸ್ಯೂಟಿಕಲ್ ಎಂದು 2015ರಲ್ಲಿ ಪ್ರತ್ಯೇಕವಾಗಿ ಗುರುತಿಸಲಾಯಿತು. ಅದಕ್ಕೆ ಇತರ ಹೊಸ ಔಷಧಗಳಂತೆಯೇ ಮನುಷ್ಯರಲ್ಲಿ ಪ್ರಯೋಗ ಬೇಕು. ಪ್ರಯೋಗಕ್ಕೆ ಮುಂಚೆ ಅದನ್ನು ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ನೋಂದಾಯಿಸುವುದು 2009ರಿಂದ ಕಡ್ಡಾಯ. ನೋಂದಣಿಯಿದ್ದರೆ ಸೋತ ಪ್ರಯೋಗವೂ ಕಣ್ಣಿಗೆ ಬೀಳುತ್ತದೆ. ಇಲಿಯ ಪ್ರಯೋಗಕ್ಕೆ ಅಂಥ ನೋಂದಣಿಯಿಲ್ಲ, ಫಲ ಕೊಡದ ಗಿಡಗಳ ಪ್ರಬಂಧ ಓದುಗರ ಕೈಗೆ ಬರುವುದೇ ಅಪರೂಪ.

ಕೊನೆಯ ಆಕ್ಷೇಪ ಆಧುನಿಕ ವೈದ್ಯರದು: ಒಮೆಪ್ರಜೋಲ್ ನಾಲ್ಕು ವಾರಗಳಲ್ಲಿ ಹತ್ತರಲ್ಲಿ ಒಂಬತ್ತು ಡ್ಯುವೊಡಿನಲ್ ಹುಣ್ಣುಗಳನ್ನು ಮಾಯಿಸುತ್ತದೆ, ಬೆಲೆಯೂ ಕಡಿಮೆ, ಗಿಡಗಳ ಹಿಂದೆ ಏಕೆ ಹೋಗಬೇಕು? ಹುಣ್ಣು ಮಾಯಿಸುವ ಕೆಲಸದಲ್ಲಿ ಸಾರಗಳು ಈ ಮಾತ್ರೆಯನ್ನು ಸೋಲಿಸುತ್ತವೆ ಎಂಬ ಭರವಸೆ ನನಗೂ ಇಲ್ಲ. ಆದರೆ ಬಗೆಹರಿಯದ ಸಮಸ್ಯೆಗಳು ಬೇರೆ ಇವೆ. ಪೈಲೊರಿ ಕ್ಲಾರಿಥ್ರೊಮೈಸಿನ್‌ನಂಥ ಆ್ಯಂಟಿಬಯಾಟಿಕ್‌ಗಳಿಗೆ ಬಗ್ಗದಂತಾಗುತ್ತಿದೆ. ನೋವಿನ ಮಾತ್ರೆ ಬಿಡಲಾಗದ ದುಡಿಯುವ ಜನರಿಗೆ ವರ್ಷಗಟ್ಟಲೆ ರಕ್ಷಣೆ ಬೇಕು. ಹುಣ್ಣಿಲ್ಲದ ಉರಿಗೆ ಆಮ್ಲನಿರೋಧಕ ಎಲ್ಲರಿಗೂ ಗುಣ ಕೊಡದು. ಗಿಡಗಳಿಗೆ ಕೆಲಸವಿರುವುದು ಈ ಮೂರು ಕಡೆ, ಪರೀಕ್ಷೆಗಳೂ ಇವನ್ನೇ ಗುರಿಯಾಗಿಟ್ಟುಕೊಳ್ಳಬೇಕು. ರಾಯಚೂರಿನಲ್ಲಿ ಅದಕ್ಕೆ ಬೇಕಾದದ್ದೆಲ್ಲ ಒಂದೇ ಊರಲ್ಲಿದೆ: ಸಾರ ಇಳಿಸಿ ಅಳೆಯಬಲ್ಲ ಫಾರ್ಮಸಿ ಕಾಲೇಜುಗಳು, ರೋಗಿಗಳಿರುವ ವೈದ್ಯಕೀಯ ಕಾಲೇಜು ಆಸ್ಪತ್ರೆ ರಿಮ್ಸ್, ಕೀಟನಾಶಕದ ಶೇಷ ಅಳೆಯುವ ಪ್ರಯೋಗಾಲಯವಿರುವ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ. ವರ್ಷಕ್ಕೊಂದು ಹೊಸ ಗಿಡ ಹಿಡಿಯುವ ಬದಲು ಇವು ಮೂರೂ ಸೇರಿ ಬೇವಿನ ತೊಗಟೆ ಮತ್ತು ಹುರಳಿಯ ಕೊಬ್ಬಿನಂಶ ಎರಡನ್ನೇ ಹಿಡಿದು, ನೋವಿನ ಮಾತ್ರೆ ನುಂಗುವ ರೈತಾಪಿ ಜನರಲ್ಲಿ, ಹುಸಿ ಮಾತ್ರೆಯ ಗುಂಪಿಟ್ಟು, ಎಂಡೋಸ್ಕೋಪಿ ಮಾಡಿ ಐದು ವರ್ಷ ದುಡಿದರೆ ಅದು ಈ ಕ್ಷೇತ್ರದ ಮುಂದಿನ ಹೆಜ್ಜೆಯಾಗುತ್ತದೆ. ಸಿಂಧನೂರಿನ ರೊಟ್ಟಿಯೂಟದ ಮನೆ, ಅನ್ನದೂಟದ ಮನೆಗಳ ಹೋಲಿಕೆಯನ್ನೂ ಅದರ ಜೊತೆಗೇ ಕೈಗೊಳ್ಳಬಹುದು. ಅಲ್ಲಿಯವರೆಗೆ ಓದುಗರು ಇಷ್ಟನ್ನು ನೆನಪಿಡಬೇಕು: ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಅಥವಾ ಕಾಫಿಪುಡಿ ಬಣ್ಣದ ಚೂರು ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ಹೊಟ್ಟೆಯಲ್ಲಿ ಒಮ್ಮೆಲೇ ಸಹಿಸಲಾಗದ ನೋವೆದ್ದರೆ ಯಾವ ಕಷಾಯಕ್ಕೂ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಿ.